ಸಿದ್ದಾಪುರದ ಕಾಲುವೆ, ಮುಂಜಾನೆ

ನವೆಂಬರ್ 14, ಕಾರಟಗಿ

ಕೊಪ್ಪಳದ ಚಿತ್ರ ಪ್ರದರ್ಶನಕ್ಕೆ ನನ್ನ ಕಾಲುವೆಯ ಚಿತ್ರ ಆಯ್ಕೆಯಾಗಿದೆ. ಸ್ಟಾಫ್ ರೂಮಿನಲ್ಲಿ ಹೇಳಿದವರು ಕನ್ನಡ ಮಾಸ್ತರ ಹೊಳಿಯಪ್ಪ. ಪಟ್ಟಿ ಅವರ ಮೊಬೈಲಿಗೆ ಬಂದಿತ್ತು. ಫೋಟೊ ನೋಡಿ ಆರಿಸಿದ್ದಾರೆ; ಮೂಲ ಚಿತ್ರ 24ರ ಸಂಜೆಯೊಳಗೆ ಕೊಪ್ಪಳ ತಲುಪಬೇಕು. ವಯೋಮಿತಿ 45. ಜನವರಿಗೆ ನನಗೆ 46. ಹತ್ತೊಂಬತ್ತು ವರ್ಷದ ಡ್ರಾಯಿಂಗ್ ಮಾಸ್ತರಿಕೆಯಲ್ಲಿ ಮೊದಲ ಪ್ರದರ್ಶನ. ಕೊನೆಯದೂ.

ಸಂಜೆ ಹೊಳಿಯಪ್ಪ ಮನೆಗೆ ಬಂದು ಕ್ಯಾನ್ವಾಸಿಗೆ ಮೂಗು ಹಚ್ಚಿ ನೋಡಿದರು.

“ಬರೇ ಚುಕ್ಕಿ ಅದಾವಲ್ರಿ ಪರಮೇಶ ಸರ. ಗದ್ದಿ ಎಲ್ಲೈತಿ?”

“ಹತ್ತು ಹೆಜ್ಜಿ ಹಿಂದ ಸರೀರಿ.”

ಸರಿಯುತ್ತ ಸರಿಯುತ್ತ ಅಂಗಳಕ್ಕೇ ಇಳಿದರು. “ಈಗ ಬಂತ್ ನೋಡ್ರಿ! ನೀರ ಹರಿಯಾಕತ್ತೈತಿ!”

ನವೆಂಬರ್ 19

ಚಿತ್ರದ ಬಣ್ಣ ಇನ್ನೂ ಆರಿಲ್ಲ. ಇಂಪ್ರೆಷನಿಸ್ಟರ ರೀತಿ — ಕಾಲುವೆ ದಂಡೆಯಲ್ಲೇ ಕೂತು, ಬೆಳಕು ಬದಲಾಗುವ ಮೊದಲು ಮುಗಿಸಿದ್ದು. ಬಿಳಿ, ಹಳದಿ ದಪ್ಪಗೆ ಮೆತ್ತಿದ್ದೇನೆ. ಎಣ್ಣೆ ಬಣ್ಣ. ಮುಟ್ಟಿದರೆ ಬೆರಳಿಗೆ ಬರುತ್ತದೆ.

ನವೆಂಬರ್ 22

ಬಿಸಿಗಾಳಿಗೆ ಬೇಗ ಆರಲಿ ಎಂದು ಚಿತ್ರವನ್ನು ಅಕ್ಕಿ ಗಿರಣಿಗೆ ಒಯ್ದೆ. ಡ್ರೈಯರ್ ನೋಡಿಕೊಳ್ಳುವವನು ಪಕ್ಕದ ಮನೆಯ ಅಕ್ಬರ.

“ಬ್ಯಾಡ್ರಿ ಸರ. ಇದು ಭತ್ತ ಒಣಸೂದು. ಧೂಳ ಹಾರತೈತಿ.”

“ಮೂಲ್ಯಾಗ ಇಡ್ತೀನಿ. ಎರಡ ತಾಸು.”

“ಫ್ಯಾನ್ ಬಂದ್ ಮಾಡಾಕ ಬರಂಗಿಲ್ರಿ, ಸುಗ್ಗಿ ಐತಿ.”

ಕೇಳಲಿಲ್ಲ. ಇಟ್ಟು, ಚಹಾ ಕುಡಿಯಲು ಹೋದೆ.

ನವೆಂಬರ್ 23

ಭತ್ತದ ಹೊಟ್ಟಿನ ಧೂಳು ಚಿತ್ರದ ನೀರಿನ ತುಂಬ ಕೂತಿದೆ. ಸೂಜಿಯಿಂದ ತೆಗೆದರೆ ಬಣ್ಣವೂ ಎದ್ದು ಬರುತ್ತದೆ. ಮುಂಜಾನೆಯ ಕಾಲುವೆ ಈಗ ಮಣ್ಣು ರಸ್ತೆ.

ಹೆಂಡತಿ ರೇಣುಕಾಳನ್ನು ಕರೆದು ತೋರಿಸಿದೆ. ಬಾಗಿಲ ತನಕ ಹಿಂದೆ ಸರಿದಳು.

“ದೂರ ನಿಂತು ನೋಡ್ರಿ ಅಂತೀರಲ್ರಿ, ನಿಂತೀನಿ. ಇಲ್ಲಿಗೂ ಧೂಳ ಕಾಣತೈತಿ.”

ಅಕ್ಬರ ಬಂದಿದ್ದ. ತನ್ನದೇ ತಪ್ಪು ಎಂಬಂತೆ ತಲೆ ತಗ್ಗಿಸಿ ನಿಂತ. “ಆರೇತೇನ್ರಿ ಸರ?”

“ಆರೇತಿ” ಅಂದೆ. ಅದಂತೂ ಸುಳ್ಳಲ್ಲ.

ನವೆಂಬರ್ 24

ಕೊಪ್ಪಳಕ್ಕೆ ಹೋಗಲಿಲ್ಲ. ಐದಕ್ಕೆ ಸ್ವೀಕಾರ ಮುಗಿಯಿತು. ನನ್ನ ಜಾಗಕ್ಕೆ ಪಟ್ಟಿಯಲ್ಲಿ ನನ್ನ ಕೆಳಗಿದ್ದವರಿಗೆ ಫೋನ್ ಹೋಗಿದೆಯಂತೆ — ಹೊಳಿಯಪ್ಪ ಹೇಳಿದರು. ಯಾರು ಎಂದು ಕೇಳಲಿಲ್ಲ. ವಯಸ್ಸು ಇಪ್ಪತ್ತಾರು ಎಂದು ಅವರೇ ಹೇಳಿದರು.

ನಾಳೆ ಮೊದಲ ಪಿರಿಯಡ್, ಎಂಟನೆಯ ತರಗತಿ. ವಿಷಯ: ನಿಸರ್ಗ ಚಿತ್ರ. ಪೆನ್ಸಿಲ್ ಮಾತ್ರ…