ಹೊಸ್ತಿಲು ದಾಟುವಾಗ ಕೇಳಬೇಡಿ

ರೀ,

ಪರೀಕ್ಷೆಗೆ ಹೊರಟಿದೀನಿ. ಬೇಕೂಂತಲೇ ನಿಮ್ಮನ್ನು ಎಬ್ಬಿಸಲಿಲ್ಲ. ಹಿಂದಿನ ಎರಡು ಸಲವೂ ನಾನು ಹೊಸ್ತಿಲು ದಾಟುವಾಗಲೇ ಹಾಸಿಗೆಯಿಂದ “ಎಲ್ಲಿಗೇ?” ಅಂತ ಕೂಗಿದಿರಿ. ಎರಡು ಸಲವೂ ಸಿ.ಎ. ಫೇಲು. ಆಡಿಟಿಂಗಿನಲ್ಲಿ ಅರ್ಧ ಪಾಠ ನಾನು ಓದಿರಲೇ ಇಲ್ಲ, ನಿಜ. ಆದರೂ ತಪ್ಪು ನಿಮ್ಮದೇ.

ಡಿಕಾಕ್ಷನ್ ಇಳಿದಿದೆ. ಹಾಲು ಕಾಯಿಸುವಾಗ ಪೇಪರ್ ಹಿಡಿದು ಕೂರಬೇಡಿ. ಹುಳಿಗೆ ಉಪ್ಪು ಹಾಕಿದೀನಿ. ನೀವೂ ಹಾಕಬೇಡಿ, ಅತ್ತೆಯೂ ಹಾಕದ ಹಾಗೆ ನೋಡಿಕೊಳ್ಳಿ.

ನಿನ್ನೆ ಅವರು ಹಾಲ್ ಟಿಕೆಟ್ಟನ್ನು ದೇವರ ಮುಂದಿಟ್ಟು ಪೂಜೆ ಮಾಡಿ, ಅದರಲ್ಲಿರೋ ನನ್ನ ಫೋಟೋ ಹಣೆಗೆ ಕಾಸಗಲ ಕುಂಕುಮ ಹಚ್ಚಿಬಿಟ್ಟಿದಾರೆ. “ಒರೆಸಬೇಡ ಕಣೇ, ಅಪಶಕುನ” ಅಂತ ಬೇರೆ. ಪರೀಕ್ಷೆ ಹಾಲಿನಲ್ಲಿ ಅದು ನಾನೇ ಅಂತ ಒಪ್ಪಬೇಕಲ್ಲ, ಅದಕ್ಕೇ ನಾನೂ ಅಷ್ಟೇ ಅಗಲ ಇಟ್ಟುಕೊಂಡು ಹೋಗ್ತಿದೀನಿ.

ಮಾಲೂರಿಗೆ ಹೋಗೋ ಆರೂವರೆ ಬಸ್ಸು ಏಳಕ್ಕೆ ಮೊದಲು ಬರಲ್ಲ. ಅಲ್ಲಿವರೆಗೂ ಎದುರುಗಡೆ ಹಾಲಿನ ಡೈರಿ ಹತ್ತಿರ ನಿಂತಿರ್ತೀನಿ. ಅಷ್ಟರಲ್ಲಿ ಎಚ್ಚರವಾದರೆ ಕಿಟಕಿಗೆ ಬಂದು ಕೈ ಬೀಸಿ, ನನಗೂ ಸ್ವಲ್ಪ ಧೈರ್ಯ ಬರುತ್ತೆ.

ಬಾಯಿತುಂಬ ಪೇಸ್ಟ್ ಇಟ್ಟುಕೊಂಡೇ ಬನ್ನಿ.

ಪಂಕಜ