ಅಮ್ಮನ ಬಲಗೈ ಮೇಲೆದ್ದದ್ದು

ಮನೆಯಿಂದ,
ಮಾರ್ಚ್ ಹತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯ? ಸೇತುವೆ ಕೆಲಸದ ಆ ತಗಡಿನ ಶೆಡ್ಡಿನಲ್ಲಿ ಸೆಕೆ ಜಾಸ್ತಿಯೇ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೇ? ನಾವಿಲ್ಲಿ ಚೆನ್ನಾಗಿದ್ದೇವೆ. ಚಳಿಗಾಲದಲ್ಲಿ ಈ ಮಾತು ಬರೆದಿದ್ದರೆ ಸುಳ್ಳಾಗುತ್ತಿತ್ತು. ಫೋನಿನಲ್ಲಿ ಅಮ್ಮ ‘ಏನಿಲ್ಲ ಕಣೋ, ಎಲ್ಲ ಸರಿಯಾಗ್ತಿದೆ’ ಎಂದು ನಿನ್ನ ಬಾಯಿ ಮುಚ್ಚಿಸುತ್ತಿದ್ದಳು. ನಿಜವಾಗಿ ನಡೆದದ್ದನ್ನು ಈಗ ಹೇಳುತ್ತೇನೆ, ಅವಳ ಒಪ್ಪಿಗೆ ಪಡೆದೇ.

ಔಷಧಿ ಅಂಗಡಿಯ ಬೋರ್ಡು ಬರೆಯುವಾಗ ಅಮ್ಮ ಏಣಿಯಿಂದ ಬಿದ್ದದ್ದು, ಬಲಭುಜದ ಮೂಳೆಗೆ ಪ್ಲೇಟು ಹಾಕಿದ್ದು ನಿನಗೆ ಗೊತ್ತು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಮನೆಗೆ ಬಂದವಳು ನಮ್ಮ ಬಾಯಿಬಡುಕಿ ಅಮ್ಮನಾಗಿರಲಿಲ್ಲ. ಬಲಗೈಯ ಬೆರಳುಗಳನ್ನು ಇರುವೆಯ ಹಾಗೆ ಗೋಡೆಯ ಮೇಲೆ ಹತ್ತಿಸಬೇಕು, ಅದೇ ಅವಳ ವ್ಯಾಯಾಮ. ಕೇಳಿದರೆ ‘ಆಯ್ತು, ಮಾಡಿದೆ’ ಎನ್ನುತ್ತಿದ್ದಳು. ಬಾಗಿಲು ತೆಗೆದು ನೋಡಿದರೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯನ್ನೇ ನೋಡುತ್ತ ಕೂತಿರುತ್ತಿದ್ದಳು. ತಟ್ಟೆಯ ಅನ್ನ ಕಲಸಿದ ಹಾಗೇ ವಾಪಸು ಬರುತ್ತಿತ್ತು. ನಿದ್ದೆಯಿಲ್ಲ. ಹೊಲಿಗೆಯ ಗಾಯ ಮಾಯಲು ತಡವಾಯಿತು, ಭುಜ ಬಿಗಿದುಕೊಂಡಿತು, ನೋವು ಇಳಿಯುವ ಬದಲು ಏರಿತು. ಚಿಕ್ಕಮ್ಮ ಬಂದಾಗಲೆಲ್ಲ ‘ಮನಸ್ಸು ಗಟ್ಟಿ ಮಾಡ್ಕೊಳ್ಳೇ ಅಕ್ಕಾ’ ಎಂದು ಹೇಳಿ ಹೋಗುತ್ತಿದ್ದಳು.

ಕೊನೆಗೆ ಆಪರೇಷನ್ ಮಾಡಿದ ಡಾಕ್ಟರೇ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ‘ಅಮ್ಮಾ, ಮೂಳೆ ಚೆನ್ನಾಗಿ ಕೂಡ್ತಿದೆ. ನೀವು ಚೆನ್ನಾಗಿಲ್ಲ. ಏನಾಗ್ತಿದೆ ಹೇಳಿ’ ಎಂದರು. ಎಂದಿನಂತೆ ನಾನೇ ಉತ್ತರ ಕೊಡಲು ಹೊರಟೆ. ಅಮ್ಮ ಎಡಗೈಯಿಂದ ನನ್ನ ಮೊಣಕಾಲು ಒತ್ತಿ ಸುಮ್ಮನಿರಿಸಿದಳು. ‘ಇದು ಭುಜದ್ದಲ್ಲ ಡಾಕ್ಟ್ರೇ, ಹಳೇದು. ಇವಳ ತಮ್ಮ ಹುಟ್ಟಿದಾಗ ಒಂದ್ಸಲ ಬಂದಿತ್ತು, ಇವರಪ್ಪ ಹೋದ್ಮೇಲೆ ಒಂದ್ಸಲ. ಬೆಳಗಾದ್ರೆ ಸಾಕು, ಎದೆ ಮೇಲೆ ಯಾರೋ ಕೂತ ಹಾಗೆ. ಆಗೆಲ್ಲ ಕೆಲಸಕ್ಕೆ ಹೋಗಿ ಹೋಗಿ ಹೇಗೋ ತಳ್ಳಿದೆ. ಈಗ ಕೈನೂ ಇಲ್ಲ. ಕೈ ಸರಿಹೋಗ್ಲಿ ಅಂತ ಆಸೆನೂ ಇಲ್ಲ.’ ಬಣ್ಣದಂಗಡಿಯಲ್ಲಿ ಬೇಕಾದ್ದನ್ನು ಕೇಳುವಷ್ಟೇ ಸ್ಪಷ್ಟವಾಗಿ ಹೇಳಿದಳು ಕಣೋ. ಮೂರಂತಸ್ತಿನೆತ್ತರಕ್ಕೆ ಏಣಿ ಹಾಕಿ ನಿಲ್ಲುವುದಕ್ಕೂ ಅವಳಿಗೆ ಇಷ್ಟು ಧೈರ್ಯ ಬೇಕಾಗಿರಲಿಕ್ಕಿಲ್ಲ.

‘ಇದನ್ನ ನಾನು ಮೊದಲೇ ಕೇಳಬೇಕಿತ್ತು’ ಎಂದರು ಡಾಕ್ಟರು. ‘ಮನಸ್ಸು ಸೋತಿದ್ರೆ ಗಾಯನೂ ನಿಧಾನವಾಗಿ ಮಾಯಬಹುದು, ನೋವೂ ಜಾಸ್ತಿ ಅನ್ಸುತ್ತೆ. ಎರಡಕ್ಕೂ ಒಟ್ಟಿಗೇ ಮದ್ದು ಮಾಡೋಣ.’ ಕೆಳಗಿನ ಮಹಡಿಯ ಮನೋವೈದ್ಯೆಯ ಬಳಿ ಕಳಿಸಿದರು. ದಿನಾ ಮಾತ್ರೆ, ವಾರಕ್ಕೊಮ್ಮೆ ಮಾತುಕತೆ. ಕೆಲವು ವಾರ ಏನೂ ಬದಲಾಗಲಿಲ್ಲ, ನಾನೇ ಸೋತುಹೋಗಿದ್ದೆ. ಅಮ್ಮ ಮಾತ್ರ ಬಿಡಲಿಲ್ಲ. ಬೇಡವೆನ್ನಿಸಿದ ದಿನವೂ ಗೋಡೆಯ ಮುಂದೆ ನಿಂತು, ಗೋಡೆಗೆ ಬೈಯುತ್ತಲೇ ಬೆರಳು ಹತ್ತಿಸಿದಳು. ಚಿಕ್ಕಮ್ಮ ಮತ್ತೆ ಅದೇ ರಾಗ ತೆಗೆದಾಗ, ‘ಕೈ ಮುರಿದಾಗ ಮೂಳೆ ಗಟ್ಟಿ ಮಾಡ್ಕೋ ಅಂದಿದ್ಯೇನೇ ನೀನು?’ ಎಂದಳು.  ಮಾರನೆಯ ದಿನದಿಂದ ಚಿಕ್ಕಮ್ಮ ತಾನೂ ಪಕ್ಕದಲ್ಲಿ ನಿಂತು ಗೋಡೆಯ ಮೇಲೆ ಬೆರಳು ಹತ್ತಿಸತೊಡಗಿದಳು!

ಹೋದ ತಿಂಗಳು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಅಮ್ಮ ಇದ್ದಕ್ಕಿದ್ದಂತೆ, ‘ಆ ಬೋರ್ಡಲ್ಲಿ ಒಳರೋಗಿ ಅಂತ ಬರೆದಿರೋದು ನೋಡೇ. ಳಕಾರ ಈಗಲೋ ಆಗಲೋ ಬೀಳೋ ಹಾಗಿದೆ. ಯಾವ ಪುಣ್ಯಾತ್ಮ ಬರೆದನೋ’ ಎಂದಳು. ಎಷ್ಟು ಕಾಲದ ಮೇಲೆ ಬೇರೆಯವರ ಅಕ್ಷರಕ್ಕೆ ಕೊಂಕು ತೆಗೆದಿದ್ದಳು! ನಾನು ಅಲ್ಲೇ ಅತ್ತುಬಿಟ್ಟೆ. ಕೈ ಇನ್ನೂ ಪೂರ್ತಿ ಮೇಲೆ ಹೋಗುವುದಿಲ್ಲ, ಕಿವಿಯವರೆಗೆ ಬರುತ್ತದೆ. ಏಣಿಯ ಮಾತೇ ಇಲ್ಲ. ಬೋರ್ಡನ್ನು ಮೇಜಿನ ಮೇಲೆ ಮಲಗಿಸಿಕೊಂಡು ಬರೆಯುತ್ತಾಳೆ. ಕೆಟ್ಟ ಬೆಳಗುಗಳು ಈಗಲೂ ಬರುತ್ತವೆ. ಬಂದರೆ ‘ಇವತ್ತು ಸರಿಯಿಲ್ಲ’ ಎಂದು ಬಾಯಿಬಿಟ್ಟು ಹೇಳುತ್ತಾಳೆ.

ಚಿಕ್ಕಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಅಮ್ಮನ ಆಶೀರ್ವಾದ, ನನ್ನದೊಂದು ಗುದ್ದು.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮೊದಲು: ಅಮ್ಮ ಇದನ್ನು ಓದಿ, ಮುಖ್ಯವಾದದ್ದನ್ನೇ ಬಿಟ್ಟಿದ್ದೀಯ ಎಂದು ಬೈದಳು. ಹೋದ ಸಲ ಫೋನಿನಲ್ಲಿ ನೀನು ‘ರಜೆ ಇದ್ರೂ ಮಲಗೇ ಇರ್ತೀನಿ, ಏನೂ ಬೇಡ ಅನ್ಸುತ್ತೆ’ ಎಂದೆಯಲ್ಲ. ನಾನು ದಣಿವು ಎಂದುಕೊಂಡೆ, ಅಮ್ಮ ಹಾಗೆಂದುಕೊಳ್ಳಲಿಲ್ಲ. ‘ಡಾಕ್ಟರ ಹತ್ರ ಹೋಗು ಅಂತ ಬರೆದ್ರೆ ಹೋಗೋನಲ್ಲ ಅವನು, ನನ್ನ ಮಗ ತಾನೇ’ ಎಂದು ಈ ತಿಂಗಳ ಕೊನೆಯ ಶನಿವಾರ ನಿನ್ನಲ್ಲಿಗೆ ಬರುವ ರೈಲಿಗೆ ತನಗೊಂದು ಟಿಕೆಟ್ ತೆಗೆಸಿಬಿಟ್ಟಿದ್ದಾಳೆ. ಡಾಕ್ಟರ ಹತ್ತಿರ ನಿನ್ನ ಜತೆ ತಾನೇ ಬರುತ್ತಾಳಂತೆ. ಸ್ಟೇಷನ್ನಿಗೆ ಬಾ, ಪೆಟ್ಟಿಗೆ ಎತ್ತಲು ಅವಳ ಕೈ ಇನ್ನೂ ಸಾಲದು.