ಸೊಂಟಪಟ್ಟಿಯ ಇನ್ನೊಂದು ತುದಿ

ಅರ್ನೌ,

ಇವತ್ತು ನಮ್ಮ ಮಗಳು ಮಿರೇಯಾ ನಿಮ್ಮೂರಿನ ಚೌಕದಲ್ಲಿ ಮೊದಲ ಸಲ ಮನುಷ್ಯರ ಗೋಪುರ ಹತ್ತಿದಳು. ಸೊಂಟಕ್ಕೆ ಉದ್ದನೆಯ ಕರಿಬಟ್ಟೆಯ ಪಟ್ಟಿ ಸುತ್ತಿಕೊಳ್ಳುವಾಗ ಇನ್ನೊಂದು ತುದಿ ಎಳೆದು ಹಿಡಿಯಲು ನನ್ನನ್ನೇ ಕರೆದಳು. ನಾನು ಬೇಕೆಂದೇ ಸಡಿಲವಾಗಿ ಹಿಡಿದೆ. ಪಟ್ಟಿ ಸಡಿಲವಿದ್ದರೆ ಯಾರನ್ನೂ ಹತ್ತಲು ಬಿಡುವುದಿಲ್ಲವಲ್ಲ.

ತಂಡದ ಯಜಮಾನಿ ರೆಮೇಯಿ ಪಟ್ಟಿಯೊಳಗೆ ಬೆರಳು ತೂರಿಸಿ ನೋಡಿದಳು. "ಏನೇ, ಮಗೂಗೆ ಲಂಗ ಉಡಿಸ್ತಿದೀಯಾ? ಬಿಚ್ಚಿ ಮತ್ತೆ ಸುತ್ತು."

"ಅಮ್ಮಂಗೆ ಹೆದರಿಕೆ," ಅಂದಳು ಮಿರೇಯಾ. "ಗಟ್ಟಿಯಾಗಿ ಎಳಿ ಅಮ್ಮಾ. ಅಪ್ಪ ಎಳೀತಿದ್ದ ಹಾಗೆ."

ಎಳೆದೆ. ಆಮೇಲೆ ಬುಡದ ಗುಂಪಿನಲ್ಲಿ ನನ್ನ ಜಾಗಕ್ಕೆ ಹೋಗಿ ಗದ್ದವನ್ನು ಎದೆಗೊತ್ತಿ ನಿಂತೆ. ಅವಳ ಬರಿಗಾಲು ನನ್ನ ಹೆಗಲು ತುಳಿದು ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಗೋಪುರ ನಡುಗತೊಡಗಿತು. ಆ ನಡುಕ ಹೆಗಲಿಂದ ಹೆಗಲಿಗೆ ಇಳಿದು ನನ್ನ ಕತ್ತಿಗೆ ಬಂತು. ಬುಡದಲ್ಲಿರುವವರು ತಲೆಯೆತ್ತಬಾರದು, ಮೇಲಿನವರು ಬಿದ್ದರೆ ಕತ್ತು ಮುರಿಯುತ್ತದೆ ಅಂತ, ಪರದೇಶದಿಂದ ಬಂದ ನನಗೆ ಕಲಿಸಿದವನು ನೀನೇ. ನೀನು ಮೇಲಿಂದ ಬಿದ್ದು ಪ್ರಾಣ ಬಿಟ್ಟ ದಿನವೂ ನಾನು ತಲೆಯೆತ್ತಿರಲಿಲ್ಲ.

ಇವತ್ತು ಯಾರೂ ಬೀಳಲಿಲ್ಲ. ಮಿರೇಯಾ ನಗುತ್ತಾ ಇಳಿದು ಬಂದು, ಪಟ್ಟಿ ಬಿಚ್ಚಿಕೊಳ್ಳಲು ತುದಿಯನ್ನು ನನ್ನ ಕೈಗೆ ಕೊಟ್ಟು ಗಿರಗಿರನೆ ತಿರುಗಿದಳು. ಪೂರ್ತಿ ಬಿಚ್ಚಿಯಾಯಿತು.

"ಆಯ್ತಮ್ಮಾ, ಇನ್ನು ಬಿಡು," ಅಂದಳು.

ನನ್ನ ಕೈ ಬಿಡಲಿಲ್ಲ.